ಬೆಲ್ಟಕ್ಕ ಮತ್ತು ನಡುಗುವ ವ್ಯಾನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಬಿಳಿ ವ್ಯಾನೊಂದು ಗಡಗಡ ನಡುಗುತ್ತಿದೆ. ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ ನಿಂತ ಹೆಂಗಸು ಅದಕ್ಕೆ ಬೈಯುತ್ತಿದ್ದಾರೆ. "ಏನು ರೋಗ ಬಂತೋ ನಿಂಗೆ? ನಿನ್ನೆ ತಾನೆ ಹೊಸ ಬೆಲ್ಟ್ ಹಾಕಿದೀನಲ್ಲೋ!" ಪತ್ರಿಕೆಯ ಸಂದರ್ಶನಕ್ಕೆ ಈ ಹೊತ್ತಿಗೇ ಬನ್ನಿ ಎಂದವರು ಇವರೇ. ಈಗ ನನ್ನ ಕಡೆ ತಿರುಗಿ ನೋಡುವ ವ್ಯವಧಾನವೂ ಇಲ್ಲ. ಪೆನ್ನು ಹಿಡಿದು ಕಂಬದ ಹಾಗೆ ನಿಂತಿದ್ದೇನೆ.

ಬೀದಿಗೆಲ್ಲ ಇವರು ಬೆಲ್ಟಕ್ಕ. ಇಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸುವುದರಲ್ಲಿ ಎತ್ತಿದ ಕೈ. ಪಿಸ್ಟನ್ನಿಗೂ ವಾಲ್ವಿಗೂ ಹೊಂದಿಕೆ ಮಾಡಿಸುವುದು ಆ ಹಲ್ಲಿನ ಪಟ್ಟಿಯೇ; ಒಂದು ಹಲ್ಲು ಆಚೀಚೆಯಾದರೂ ಇಂಜಿನ್ ಕೆಮ್ಮತೊಡಗುತ್ತದೆ. ಕೆಲಸ ಕಲಿಸಿದವರು ಗಂಡ. ಅವರ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಶೆಡ್ಡು ಹೆಂಡತಿಯ ಹೆಗಲಿಗೆ ಬಿತ್ತು. "ಮೊದಮೊದಲು ಗಾಡಿಯವರು ಬರೋರು, ನನ್ನ ನೋಡಿ 'ಮೇಸ್ತ್ರಿ ಇಲ್ವಾ' ಅನ್ನೋರು. ಹಾಗೇ ಹೋಗೋರು. ಆಮೇಲೆ ಇನ್ನೆಲ್ಲೋ ಕೆಡಿಸ್ಕೊಂಡು ಇಲ್ಲಿಗೇ ಬರೋರು," ಎನ್ನುತ್ತಾರೆ, ಬಾನೆಟ್ಟಿನಿಂದ ತಲೆ ಎತ್ತದೆಯೇ.

ಇವತ್ತಿನ ಪಜೀತಿಯೇ ಬೇರೆ. ಈ ವ್ಯಾನ್ ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವಂಥದ್ದು. ಹೊತ್ತು ಮೀರಿದರೆ ಅಲ್ಲಿನ ಹಾಸಿಗೆ ಬೇರೆಯವರ ಪಾಲು. ಅದರಲ್ಲೇ ಹೋಗಬೇಕಾದ ಗಂಡ ಸ್ವೆಟರ್ ತೊಟ್ಟು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ಕಾಲು ಆಗಲೇ ಬಾತಿದೆ.

"ಬೆಲ್ಟ್ ಕವರ್ ಬಿಚ್ಚೇ," ಎನ್ನುತ್ತಾರೆ ಅವರು.

"ನನ್ನ ಕೆಲಸದ ಮೇಲೇ ಅನುಮಾನನಾ ನಿಮಗೆ? ಗುರುತಿಗೆ ಗುರುತು ಕೂರಿಸಿ, ಕೈಯಲ್ಲಿ ತಿರುಗಿಸಿ ನೋಡಿದೀನಿ ಕಣ್ರೀ!"

ಪ್ಲಗ್ ಬಿಚ್ಚುತ್ತಾರೆ, ಚೆನ್ನಾಗಿದೆ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸುತ್ತಾರೆ, ನಡುಕ ನಿಲ್ಲುವುದಿಲ್ಲ. ಗಾಳಿಯ ಪೈಪು ಎಲ್ಲೂ ಬಿರುಕು ಬಿಟ್ಟಿಲ್ಲ. ಪ್ರತಿ ಸಲವೂ ಬಾಗಿಲ ಕಡೆಯಿಂದ ಅದೇ ರಾಗ: "ಬೆಲ್ಟ್ ಬಿಚ್ಚಿ ನೋಡೇ." ಪ್ರತಿ ಸಲವೂ ಬೆಲ್ಟಕ್ಕ ಹಲ್ಲು ಕಡಿಯುತ್ತಾರೆ.

"ಅಕ್ಕಾ, ಹೀಗೇ ಓಡಿಸ್ಕೊಂಡು ಹೋಗ್ಬಿಡ್ಲಾ?" ಪಕ್ಕದಲ್ಲೇ ನಿಂತ ವ್ಯಾನಿನ ಡ್ರೈವರ್ ಅಂಗಲಾಚುತ್ತಾನೆ.

"ದಾರೀಲಿ ಇದು ಕೂತ್ಕೊಂಡ್ರೆ ರೋಗಿಗಳನ್ನೆಲ್ಲ ನೀನು ಹೊತ್ಕೊಂಡು ಹೋಗ್ತೀಯೇನಪ್ಪಾ? ಆಸ್ಪತ್ರೆಗೆ ಫೋನ್ ಮಾಡು, ಸ್ವಲ್ಪ ತಡ ಆಗುತ್ತೆ ಅನ್ನು!"

ಅವನು ಫೋನ್ ಹಿಡಿದು ರಸ್ತೆಗೆ ಹೋಗುತ್ತಾನೆ. ಬೇರೆ ದಾರಿ ಕಾಣದೆ ಬೆಲ್ಟಕ್ಕ ಕವರ್ ಬಿಚ್ಚುತ್ತಾರೆ. ಬೆಲ್ಟ್ ಸುತ್ತುವ ಮೇಲಿನ ಪುಲ್ಲಿಯ ಗುರುತು ಒಂದು ಹಲ್ಲು ಹಿಂದಿದೆ. "ಇದು ಹೇಗ್ರೀ ಆಗುತ್ತೆ?" ಎನ್ನುವಾಗ ಅವರ ದನಿಯೇ ಉಡುಗಿಹೋಗಿದೆ.

ಗಂಡ ನೆಲ ನೋಡುತ್ತಾ ಹೇಳುತ್ತಾರೆ: "ನಿನ್ನೆ ನೀನು ನನ್ನ ಮಾತ್ರೆ ತರೋಕೆ ಒಳಗೆ ಹೋದೆಯಲ್ಲ, ಕವರ್ ಇನ್ನೂ ಹಾಕಿರ್ಲಿಲ್ಲ. ಹೆಬ್ಬೆರಳಲ್ಲಿ ಒತ್ತಿ ನೋಡ್ದೆ. ಸಡಿಲ ಅನ್ನಿಸ್ತು. ಬೆಲ್ಟನ್ನ ಎಳೆದು ಹಿಡಿಯೋ ಟೆನ್ಷನರ್ ಬಿಚ್ಚಿ ಬಿಗಿ ಮಾಡ್ದೆ. ಕೈ ನಡುಗ್ತು. ಒಂದು ಹಲ್ಲು ಹಾರಿರಬೇಕು."

ತೆರೆದ ಬೆಲ್ಟು ಕಂಡರೆ ಒತ್ತಿ ನೋಡದೆ ಮುಂದೆ ಹೋಗುವ ಮೆಕ್ಯಾನಿಕ್ ಇಲ್ಲವಂತೆ, ಅದು ಅವರ ಸಮಜಾಯಿಷಿ. ಬೆಲ್ಟಕ್ಕನಿಗೆ ಅದು ಬೇಕಿಲ್ಲ. "ಬಾಯಿ ಬಿಟ್ಟು ಹೇಳೋಕೇನಾಗಿತ್ರೀ? ಬಿಚ್ಚೇ ಬಿಚ್ಚೇ ಅಂತ ನನ್ನ ಪ್ರಾಣ ತಿಂದ್ರಲ್ಲ!"

"ಆ ಡ್ರೈವರ್ ಮುಂದೆ ಹೇಗೆ ಹೇಳ್ಲಿ? ನಾನು ಮೇಸ್ತ್ರಿ ಕಣೇ."

ಬೆಲ್ಟಕ್ಕ ಗುರುತು ಸರಿ ಕೂರಿಸಿ, ಬಿಗಿ ಮಾಡಿ, ಕೈಯಲ್ಲಿ ತಿರುಗಿಸಿ ಮತ್ತೆ ನೋಡಿ, ಎಲ್ಲ ಮುಚ್ಚಿ ಕೀಲಿ ತಿರುಗಿಸುತ್ತಾರೆ. ಇಂಜಿನ್ ಸದ್ದು ಹದಕ್ಕೆ ಬರುತ್ತದೆ. ಓಡಿ ಬಂದ ಡ್ರೈವರ್ ಏನಾಗಿತ್ತೆಂದು ಕೇಳಿದರೆ, "ನಂದೇ ತಪ್ಪು ಕಣಪ್ಪ, ಒಂದು ಹಲ್ಲು ಆಚೀಚೆ ಆಗಿತ್ತು. ಬೇಗ ಹೊರಡು," ಎನ್ನುತ್ತಾರೆ.

ಗಂಡನನ್ನು ತೋಳು ಹಿಡಿದು ಹತ್ತಿಸುತ್ತಾರೆ. ವ್ಯಾನ್ ಹೊರಡುವಾಗ ಗಂಡ ಕಿಟಕಿಯಿಂದ ತಲೆ ಹೊರಹಾಕಿ, ಡ್ರೈವರಿಗೂ ಕೇಳುವ ಹಾಗೆ ಕೂಗುತ್ತಾರೆ: "ಪೇಪರ್‌ನೋರೇ, ಕೆಡಿಸಿದ್ದು ನಾನು ಅಂತ ಬರೀರಿ! ಅವಳದ್ದೇನೂ ತಪ್ಪಿಲ್ಲ!"

ಬೆಲ್ಟಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ವ್ಯಾನ್ ತಿರುವು ದಾಟುವವರೆಗೂ ರಸ್ತೆಯಲ್ಲೇ ನಿಂತಿರುತ್ತಾರೆ. ಕೊನೆಗೂ ಮಾತಿಗೆ ಸಿಕ್ಕರಲ್ಲ ಎಂದು ನನ್ನ ಪ್ರಶ್ನೆ ಕೇಳುತ್ತೇನೆ: ಮುಂದೆ ನಿಮ್ಮ ಆಸೆ ಏನು?

"ಆಸೆನಾ?" ಸಿಟ್ಟು ಇನ್ನೂ ಇಳಿದಿಲ್ಲ, ಕಣ್ಣು ಮಾತ್ರ ತುಂಬಿದೆ. "ಈ ಮನುಷ್ಯ ಇನ್ನೂ ಬೇಕಾದಷ್ಟು ವರ್ಷ ನನ್ನ ಕೆಲಸ ಕೆಡಿಸ್ತಾನೇ ಇರ್ಲಿ. ನಾನು ಬೈಕೊಂಡು ಸರಿ ಮಾಡ್ತೀನಿ."