ಫೀಲ್ಡ್ ಮಾರ್ಷಲ್ ಇಲ್ಲದ ಆಮಂತ್ರಣ

ಪದವಿಯ ಆಸೆ ತನಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಕಾರಣ ಇಷ್ಟೇ, ನಾನೂ ಹಾಗೆಯೇ ಹೇಳಿಕೊಂಡು ತಿರುಗುತ್ತೇನೆ. ಬಹ್ರೇನಿನ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗು ರಿಪೇರಿ ಮಾಡುವ ವರ್ಕ್‌ಶಾಪೊಂದರ ಸ್ಟೋರ್ ಕೀಪರ್ ನಾನು. ನಟ್ಟು, ಬೋಲ್ಟು, ಗ್ಯಾಸ್ಕೆಟ್ಟುಗಳ ಕಾವಲುಗಾರ. ಊರಿನಲ್ಲಿ ನನ್ನಮ್ಮ ಮಾತ್ರ ಕೇಳಿದವರಿಗೆಲ್ಲ "ಮಗ ಅಲ್ಲಿ ಮ್ಯಾನೇಜರ್" ಅನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ನಾನು ತಿದ್ದಿಲ್ಲ. ತಾಯಿಯ ಮಾತಿಗೆ ಎದುರಾಡುವ ಮಗ ನಾನಲ್ಲ ನೋಡಿ.

ನಮ್ಮ ಕರಾವಳಿಯವರು ನಾಲ್ಕು ಜನ ಸೇರಿದರೆ ಒಂದು ಸಂಘವಾಗುತ್ತದೆ, ಆ ಸಂಘಕ್ಕೆ ಐದು ಪದಾಧಿಕಾರಿಗಳಿರುತ್ತಾರೆ. ನಮ್ಮ ಆಮಂತ್ರಣ ಪತ್ರಿಕೆಯನ್ನು ನೀವು ನೋಡಬೇಕು. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು ಎಂದು ಇಳಿದು ಇಳಿದು ಕೊನೆಗೆ "ಮತ್ತು ಸರ್ವಸದಸ್ಯರು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕುರ್ಚಿ ಹಾಕುವುದು, ಚಾ ಕೊಡುವುದು, ಕಸ ಗುಡಿಸುವುದು ಆ ಸರ್ವಸದಸ್ಯರ ಪಾಲು. ನಾನು ಹದಿನೆಂಟು ವರ್ಷ ಸರ್ವಸದಸ್ಯನಾಗಿದ್ದೆ. ಬಳಿಕ ಸಹಸಂಚಾಲಕನಾದೆ. ಮೊದಲ ಬಾರಿ ನನ್ನ ಹೆಸರು ಅಚ್ಚಾದ ಪತ್ರಿಕೆಯನ್ನು ಅಮ್ಮ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.

ಈ ವರ್ಷ ನಮ್ಮ ಯಕ್ಷಗಾನ ಸಂಘದ ಅಧ್ಯಕ್ಷರು ನಿವೃತ್ತರಾಗಿ ಊರಿಗೆ ಹೊರಟುಹೋದರು. ಮುಂದಿನ ಸರದಿ ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಾಲಿಯಲ್ಲಿರುವ ಎಲೆಕ್ಟ್ರಿಕಲ್ ಫೋರ್‌ಮನ್ ಜಗನ್ನಾಥಣ್ಣನದು. ನನಗೆ ವೀಸಾ ತೆಗೆಸಿಕೊಟ್ಟವರು ಅವರು, ಡ್ರೈವಿಂಗ್ ಕಲಿಸಿದವರು ಅವರು. ಆದರೆ ಸಭೆಯಲ್ಲಿ ಯಾರೋ ಒಬ್ಬ ಪುಣ್ಯಾತ್ಮ ನನ್ನ ಹೆಸರು ಹೇಳಿಬಿಟ್ಟ. "ಜಗನ್ನಾಥಣ್ಣ ಇರುವಾಗ ನಾನ್ಯಾಕೆ" ಎಂದು ನಾನು ಆಗಲೇ ಹೇಳಬೇಕಿತ್ತು. ಬದಲಿಗೆ ನೆಲ ನೋಡುತ್ತ, "ಎಲ್ಲರ ಒತ್ತಾಯ ಇದ್ದರೆ ನೋಡುವ" ಎಂದೆ. ಒತ್ತಾಯ ಯಾರದೂ ಇರಲಿಲ್ಲ. ಜಗನ್ನಾಥಣ್ಣ ಕಾರಿನ ಕೀ ತೆಗೆದುಕೊಂಡು ಎದ್ದು ಹೋದರು. ಅಧ್ಯಕ್ಷರು ಯಾರೆಂದು ತೀರ್ಮಾನವಾಗದೆಯೇ ಸಭೆ ಮುಗಿಯಿತು.

ಅಲ್ಲಿಂದ ಮೂರು ತಿಂಗಳು ಮಾತಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ "ಮಾರ್ಕೆಟಿಗೆ ಎಂತ ಮೀನು ಬಂದಿದೆ ಮಾರಾಯ?" ಎಂದು ಬರುತ್ತಿದ್ದ ಫೋನು ನಿಂತುಹೋಯಿತು. ನಾನಾಗಿ ಮಾಡಿದರೆ ತೆಗೆಯಲಿಲ್ಲ. ಮೀನು ತರುತ್ತಿದ್ದೆ, ರುಚಿಸುತ್ತಿರಲಿಲ್ಲ.

ಅದೇ ದಿನಗಳಲ್ಲಿ ಹಡಗೊಂದರ ಎಂಜಿನ್ ನೋಡಲು ಸ್ವೀಡನ್ನಿನಿಂದ ಲಾರ್ಸ್ ಎಂಬವರು ಬಂದರು. ಯೌವನದಲ್ಲಿ ಕೆಲಕಾಲ ನೌಕಾಪಡೆಯಲ್ಲಿ ಇದ್ದವರಂತೆ. ಸೈನ್ಯದವರು ಸಿಕ್ಕರೆ ಅವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರೆಂದು ಕೇಳದೆ ಬಿಡುವವನಲ್ಲ ನಾನು.

"ಹಿಂದೆ ಫೀಲ್ಡ್ ಮಾರ್ಷಲ್ ಎಂಬ ಪದವಿ ಇತ್ತು. ಅದೇ ಎಲ್ಲಕ್ಕಿಂತ ಮೇಲಿನದು. ಆದರೆ ಸುಮಾರು ಇನ್ನೂರು ವರ್ಷದಿಂದ ಅದನ್ನು ಯಾರಿಗೂ ಕೊಟ್ಟಿಲ್ಲ" ಎಂದರು.

"ಯೋಗ್ಯರು ಸಿಗಲಿಲ್ಲವೇ?"

"ಯುದ್ಧ ಸಿಗಲಿಲ್ಲ" ಎಂದು ಹೇಳಿ ಲಾರ್ಸ್ ಸ್ಪ್ಯಾನರ್ ಹಿಡಿದು ಎಂಜಿನ್ನಿನೊಳಗೆ ತಲೆ ಹಾಕಿದರು.

ಆ ಪದವಿ ಬಹಳ ಕಾಲ ನಿಯಮದ ಪುಸ್ತಕದಲ್ಲಿ ಸುಮ್ಮನೆ ಉಳಿದಿತ್ತಂತೆ. ಕೊನೆಗೊಂದು ದಿನ ತೆಗೆದು ಹಾಕಿದರಂತೆ. ಈಗ ಅಲ್ಲಿ ಜನರಲ್ ಪದವಿಯೇ ಎಲ್ಲಕ್ಕಿಂತ ಮೇಲು. ಇದನ್ನು ಕೇಳಿ ನನಗೆ ಎರಡು ದಿನ ನಿದ್ದೆ ಹತ್ತಲಿಲ್ಲ. ಒಂದಿಡೀ ದೇಶ ತನ್ನ ಅತಿ ದೊಡ್ಡ ಕುರ್ಚಿಯನ್ನು ಖಾಲಿ ಬಿಟ್ಟೂ ಆರಾಮಾಗಿ ಬದುಕಿದೆ. ನಮ್ಮ ಪುರಾಣದಲ್ಲಿ ಸ್ವರ್ಗದ ಸಿಂಹಾಸನ ಒಮ್ಮೆ ಖಾಲಿ ಬಿದ್ದಾಗ ದೇವತೆಗಳಿಗೇ ತಡೆಯಲಾಗಲಿಲ್ಲ. ಭೂಮಿಯಿಂದ ಒಬ್ಬ ಒಳ್ಳೆಯ ರಾಜನನ್ನು ಕರೆದೊಯ್ದು ಕೂರಿಸಿದರು. ಆತ ಋಷಿಗಳಿಂದ ಪಲ್ಲಕ್ಕಿ ಹೊರಿಸಿ, ಶಾಪ ತಿಂದು, ಹೆಬ್ಬಾವಾಗಿ ಕೆಳಗೆ ಬಿದ್ದ. ಸ್ವರ್ಗದಲ್ಲೊಬ್ಬ ಸ್ವೀಡನ್ನಿನವನಿದ್ದಿದ್ದರೆ ಆ ರಾಜ ತನ್ನ ಊರಲ್ಲೇ ಸುಖವಾಗಿರುತ್ತಿದ್ದ.

ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾನು ಬರೆದೆ: ಈ ವರ್ಷ ಅಧ್ಯಕ್ಷರೇ ಬೇಡ, ಸ್ಥಾನ ಖಾಲಿ ಇರಲಿ. ಎಲ್ಲರೂ ಹೆಬ್ಬೆರಳು ಎತ್ತಿದರು, ಜಗನ್ನಾಥಣ್ಣನೊಬ್ಬರನ್ನು ಬಿಟ್ಟು. ಸಂಘದ ವಾರ್ಷಿಕ ಯಕ್ಷಗಾನ ಆಟದ ಆಮಂತ್ರಣವನ್ನು ನಾನೇ ತಯಾರಿಸಿದೆ. ಅಲ್ಲೇ ನೋಡಿ ನನ್ನ ಬುದ್ಧಿ ಕೈಕೊಟ್ಟದ್ದು. ಸಾಲನ್ನೇ ತೆಗೆದುಬಿಟ್ಟರೆ ಸ್ಥಾನಕ್ಕೆ ಅವಮಾನ ಎಂದುಕೊಂಡು, "ಸಭಾಧ್ಯಕ್ಷರು" ಎಂದು ಬರೆದು, ಮುಂದೆ ಉದ್ದಕ್ಕೆ ಚುಕ್ಕಿ ಹಾಕಿ ಎಲ್ಲರಿಗೂ ಕಳಿಸಿದೆ.

ಗಲ್ಫಿನಲ್ಲಿ ಬಾಳು ಸವೆಸಿದವರಿಗೆ ಚುಕ್ಕಿಯ ಗೆರೆ ಎಂದರೇನೆಂದು ನನಗೆ ನೆನಪಾಗಲಿಲ್ಲ. ವೀಸಾ, ಗುರುತುಚೀಟಿ, ಬಾಡಿಗೆ ಪತ್ರ, ಮಕ್ಕಳ ಶಾಲೆ ಎಂದು ಫಾರ್ಮುಗಳನ್ನು ತುಂಬಿ ತುಂಬಿಯೇ ಹಣ್ಣಾದವರು ನಾವು. ಚುಕ್ಕಿ ಕಂಡಲ್ಲಿ ನಮ್ಮ ಕೈ ತಾನಾಗಿ ನಮ್ಮ ಹೆಸರು ಬರೆಯುತ್ತದೆ.

ಆಟದ ದಿನ, ಶುಕ್ರವಾರ ಮಧ್ಯಾಹ್ನ, ಸಭಾಂಗಣದ ಬಾಗಿಲಲ್ಲಿ ನಿಂತಿದ್ದೆ. ಒಬ್ಬರ ಹಿಂದೆ ಒಬ್ಬರಂತೆ ಒಂಬತ್ತು ಜನ ಕೋಟು ಹಾಕಿಕೊಂಡು ಬಂದರು. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿರುವ ನಮ್ಮ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು. "ನಂಗೆ ಕಳಿಸಿದ್ರಲ್ಲಿ ಜಾಗ ಬಿಟ್ಟಿದ್ದೀರಲ್ಲ, ಭಾಷಣ ಎಷ್ಟು ಹೊತ್ತು ಮಾಡ್ಬೇಕು?" ಅವರ ಜೇಬಿನಿಂದ ನಾಲ್ಕು ಹಾಳೆಗಳು ಇಣುಕುತ್ತಿದ್ದವು.

ವೇದಿಕೆಯ ನಡುವೆ ಸಭಾಂಗಣದವರು ಮದುವೆಗೆ ಇಡುವ ದೊಡ್ಡ ಕೆತ್ತನೆಯ ಕುರ್ಚಿಯನ್ನು ಇಟ್ಟಿದ್ದರು. ಒಂಬತ್ತು ಕೋಟುಗಳ ಕಣ್ಣು ಅದರ ಮೇಲೆ. ಯಾರನ್ನು ಕರೆದರೂ ಎಂಟು ಜನ ವೈರಿಗಳಾಗುತ್ತಾರೆ, ಯಾರನ್ನೂ ಕರೆಯದಿದ್ದರೆ ಒಂಬತ್ತು. ಭಾಗವತರು ತಾಳ ಹಿಡಿದು ಕಾಯುತ್ತಿದ್ದರು. ನಾನು ಮೈಕಿನ ಮುಂದೆ ನಿಂತು ಅದರ ಎತ್ತರವನ್ನು ಮೇಲೆ ಕೆಳಗೆ ಮಾಡುತ್ತಿದ್ದೆ.

ಆಗ ಕೊನೆಯ ಸಾಲಿನಿಂದ ಸಾದಾ ಅಂಗಿಯಲ್ಲಿದ್ದ ಜಗನ್ನಾಥಣ್ಣ ಎದ್ದು ಬಂದರು. ಮುಖದಲ್ಲಿ ನಗುವಿಲ್ಲ. ವೇದಿಕೆ ಹತ್ತಿ ಕುರ್ಚಿಯ ಹತ್ತಿರ ಹೋದರು. ಕೂತೇಬಿಡುತ್ತಾರೆ ಎಂದುಕೊಂಡೆ. ಅವರು ಅದರ ಕೈಯನ್ನು ಹಿಡಿದರು.

"ಆ ಬದಿ ಹಿಡಿ" ಎಂದರು.

ಮೂರು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ನಾನು ಹಿಡಿದೆ. ಕಲ್ಲಿನಷ್ಟು ಭಾರ. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಪರದೆಯ ಹಿಂದಕ್ಕೆ ಸಾಗಿಸಿದೆವು. ಅತ್ತ ಭಾಗವತರು ಇದೇ ಸೂಚನೆ ಎಂದುಕೊಂಡು ಪದ್ಯ ಎತ್ತಿಯೇಬಿಟ್ಟರು. ಸಭೆ ಇಲ್ಲ, ಸ್ವಾಗತ ಇಲ್ಲ, ಭಾಷಣ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಒಂಬತ್ತು ಕೋಟುಗಳೂ ಬೇರೆ ದಾರಿ ಕಾಣದೆ ತಟ್ಟಿದವು.

"ಅಧ್ಯಕ್ಷ ಆಗ್ಲಿಕ್ಕೆ ನಂಗೆ ಆಸೆ ಇತ್ತು ಅಂತ ತಿಳ್ಕೊಂಡಿದ್ದೀಯಾ?" ಜಗನ್ನಾಥಣ್ಣ ಬೆವರು ಒರೆಸಿಕೊಳ್ಳುತ್ತ ಕೇಳಿದರು.

"ಇರ್ಲಿಲ್ವಾ ಅಣ್ಣ?"

"ಇತ್ತು. ಸುಳ್ಳು ಯಾಕೆ ಹೇಳ್ಬೇಕು. ಆದ್ರೆ ನೀನು ಒಂದು ಸಲ 'ಅಣ್ಣ, ನೀವೇ ಆಗಿ' ಅಂತ ಹೇಳಿದ್ರೆ ಸಾಕಿತ್ತು. 'ಬೇಡ ಮಾರಾಯ, ನೀನೇ ಆಗು' ಅಂತ ನಾನೇ ಹೇಳ್ತಿದ್ದೆ."

"ತಪ್ಪಾಯ್ತು ಅಣ್ಣ" ಎಂದೆ. ಅವರು ಕುರ್ಚಿಯಲ್ಲಿ ಕುಳಿತು, ಪರದೆಯ ಸಂದಿಯಿಂದ ಆಟ ನೋಡತೊಡಗಿದರು. ನಾನು ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅವರು ನನ್ನತ್ತ ನೋಡದೆಯೇ ಒಂದು ಬದಿಗೆ ಸರಿದು ಕೂತರು. ಇಬ್ಬರಿಗೆ ಧಾರಾಳವಾಗಿ ಜಾಗವಿತ್ತು. ಅದು ಒಬ್ಬರೇ ಕೂರುವ ಕುರ್ಚಿ ಎಂದು ನಮಗೆ ಯಾರು ಹೇಳಿದ್ದರೋ ಗೊತ್ತಿಲ್ಲ.