ಶಲ್ಯದ ಕೆಳಗೆ ಐದು ಬೆರಳು

ನಾಗಪುರದ ಕಳಮನಾ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲರಿಗೇನೂ ಬರಗಾಲವಿರಲಿಲ್ಲ. ಆದರೆ ಮಾರುವವನಿಗೂ ಕೊಳ್ಳುವವನಿಗೂ ಜಗಳ ಹತ್ತಿದರೆ ಎಲ್ಲರೂ ಹುಡುಕಿಕೊಂಡು ಬರುತ್ತಿದ್ದದ್ದು ನಮ್ಮ ಯಜಮಾನರನ್ನು. ಗುರುಪಾದಪ್ಪನವರು ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಅಲುಗಾಡಿಸಿ, ತೊಟ್ಟು ಮುರಿದು ಮೂಸಿ ಒಂದು ರೇಟು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಅದೇ ಮನುಷ್ಯ ಸಂಜೆ ಬದನೆಕಾಯಿ ತರಲು ಹೋದರೆ ಕಾಯಿಪಲ್ಯದವಳ ಕೈಯಲ್ಲಿ ಮೋಸಹೋಗಿ ಬರುತ್ತಿದ್ದರು. ನಾನು ಬೈದರೆ, "ಅದು ನನ್ನ ಮಾಲಲ್ಲ ಶರಣಾ" ಎಂದು ನಗುತ್ತಿದ್ದರು.

ಬ್ಯಾಡಗಿಯ ಕಡೆಯ ಅವರನ್ನು ನಾಗಪುರಕ್ಕೆ ಕರೆತಂದದ್ದು ಅವರ ಅಕ್ಕ ಗಿರಿಜವ್ವನ ಗಂಡ ಶಿವಬಸಪ್ಪ ಮಾವ. ಮಾವ ಇಲ್ಲಿ ರಸ್ತೆ ಕಂತ್ರಾಟು ಮಾಡುತ್ತಿದ್ದರು. ತಾಯಿಯಿಲ್ಲದ ಮೈದುನನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿ, ಒಬ್ಬ ಹಳೇ ದಲಾಲರ ಕೈಕೆಳಗೆ ಕೆಲಸಕ್ಕೆ ಹಚ್ಚಿದರು. ತಮ್ಮ ಹಸಿರು ಬಣ್ಣದ ಮಾರಿಸ್ ಮೈನರ್ ಗಾಡಿಯಲ್ಲಿ ಉಮರೇಡ್ ರಸ್ತೆಗೆ ಕರೆದೊಯ್ದು ಮೋಟಾರು ನಡೆಸುವುದನ್ನೂ ಕಲಿಸಿದರು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಇಂಗ್ಲಿಷ್ ಡಾಕ್ಟರರಿಂದ ಮಾವ ಕೊಂಡ ಗಾಡಿ ಅದು. ತಿರುವು ಬಂದಾಗ ಬಾಗಿಲಿನ ಪಕ್ಕದಿಂದ ದೀಪವಿದ್ದ ಒಂದು ಸಣ್ಣ ತಗಡಿನ ಕೈ ತಾನಾಗಿ ಹೊರಗೆ ಚಾಚುತ್ತಿತ್ತು, ಈ ಕಡೆ ಹೊರಳುತ್ತೇವೆ ಎಂದು ತೋರಿಸಲು. ನಾನು ಹೊಸ ಮದುವಣಗಿತ್ತಿಯಾಗಿ ಸ್ಟೇಶನ್ನಿನಿಂದ ಬಂದದ್ದು ಅದೇ ಗಾಡಿಯಲ್ಲಿ. ಆ ಕೈ ನೋಡಿ ನಕ್ಕುಬಿಟ್ಟಿದ್ದೆ.

ಮಾವ ತೀರಿಕೊಂಡ ಮರುವರ್ಷ, ಎಂಬತ್ತಾರರ ದೀಪಾವಳಿಯ ಹೊತ್ತಿಗೆ, ಅಕ್ಕ ಗಾಡಿ ಮಾರುವ ಮಾತು ತೆಗೆದರು. ಅವರಿಗೆ ಮಕ್ಕಳಿರಲಿಲ್ಲ. ಲಕ್ಷ್ಮೀ ನಗರದ ಮನೆ ಸ್ವಂತದ್ದು, ಆದರೆ ವರಮಾನವಿಲ್ಲ. ಗಾಡಿ ನಿಲ್ಲುವ ತಗಡಿನ ಶೆಡ್ಡು ಕೆಡವಿ ಅಲ್ಲೊಂದು ಖೋಲಿ ಕಟ್ಟಿಸಿ, ಬ್ಯಾಂಕಿನ ಯಾರಿಗಾದರೂ ಬಾಡಿಗೆಗೆ ಕೊಟ್ಟರೆ ಯಾರ ಮುಂದೆಯೂ ಕೈಯೊಡ್ಡದೆ ಬದುಕಬಹುದು ಎಂಬುದು ಅವರ ಲೆಕ್ಕ.

"ಮೋಟಾರಿನ ರೇಟು ನನಗೇನ್ ತಿಳೀತೈತಿ ಗುರು? ನೀ ಹೇಳಿದ್ದ ಖರೆ," ಎಂದರು.

ನಮ್ಮವರು ಈ ಕೆಲಸವನ್ನು ಮೆಣಸಿನಕಾಯಿಗಿಂತ ಶ್ರದ್ಧೆಯಿಂದ ಮಾಡಿದರು. ಸೀತಾಬರ್ಡಿಯ ಮಿಸ್ತ್ರಿಯನ್ನು ಕರೆತಂದು ಇಂಜಿನ್ ನೋಡಿಸಿದರು, ಹಳೇ ಗಾಡಿ ಇಟ್ಟುಕೊಂಡವರನ್ನೆಲ್ಲ ವಿಚಾರಿಸಿದರು, ತಾವೇ ಗಾಡಿಯ ಕೆಳಗೆ ಮಲಗಿ ಬಿಳಿ ಅಂಗಿಗೆಲ್ಲ ಎಣ್ಣೆ ಮಾಡಿಕೊಂಡು ಬಂದರು. "ಎಂಟು ಸಾವಿರದ ಕೆಳಗ ಇಳಿದ್ರ ಅಕ್ಕಗ ಅನ್ಯಾಯ. ಒಂಬತ್ತು ಬಂದ್ರ ಬರೋಬರ್," ಎಂದು ನನಗೆ ಹೇಳಿದರು. ಖೋಲಿಗೆ ಗೌಂಡಿ ಹೇಳಿದ ಖರ್ಚೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಗಿರಾಕಿ ತಾನಾಗಿ ಬಂದ. ಉಮರೇಡಿನಲ್ಲಿ ಖಾರದಪುಡಿಯ ಗಿರಣಿ ಇಟ್ಟಿದ್ದ ಕಾಶೀನಾಥ, ನಮ್ಮವರ ಎಲ್ಲಕ್ಕಿಂತ ದೊಡ್ಡ ಗಿರಾಕಿ. ಮಗನ ಮದುವೆಯ ಮೆರವಣಿಗೆಗೆ ಅವನಿಗೆ ಹಳೇ ಕಾಲದ ಮೋಟಾರು ಬೇಕಿತ್ತು. ಆದರೆ ಆ ವರ್ಷ ಅವನು ಇನ್ನೊಬ್ಬ ದಲಾಲರ ಗಾದಿಯ ಮೇಲೆ ಕೂತು ಚಹಾ ಕುಡಿಯಲು ಶುರು ಮಾಡಿದ್ದ. ಅದನ್ನು ನೋಡಿ ಬಂದ ದಿನದಿಂದ ನಮ್ಮವರಿಗೆ ಊಟ ರುಚಿಸುತ್ತಿರಲಿಲ್ಲ. ಹಂಗಾಮು ಎದುರಿಗಿತ್ತು. ಕಾಶೀನಾಥ ಕೈಬಿಟ್ಟರೆ ಅರ್ಧ ಧಂದೆ ಹೋದಂತೆಯೇ.

ವ್ಯವಹಾರ ಅಕ್ಕನ ಮನೆಯ ಅಂಗಳದಲ್ಲೇ ನಡೆಯಿತು. ಮಾರ್ಕೆಟ್ಟಿನಲ್ಲಿ ಲಿಲಾವು ಕೂಗಿ ಆಗುತ್ತಿದ್ದರೂ ಹೊರಗಿನ ಖಾಸಗಿ ವ್ಯವಹಾರಕ್ಕೆ, ಎಮ್ಮೆಯಿರಲಿ, ಬಂಡಿಯಿರಲಿ, ಹಳೇ ಮಂದಿಗೆ ಶಲ್ಯದ ಕೆಳಗಿನ ಪದ್ಧತಿಯೇ ಬೇಕು. ದಲಾಲ ಹೆಗಲ ಮೇಲಿನ ಶಲ್ಯ ತೆಗೆದು ಕೈ ಮುಚ್ಚಿಕೊಳ್ಳುತ್ತಾನೆ. ಕೊಳ್ಳುವವನು ಅದರ ಕೆಳಗೆ ದಲಾಲನ ಬೆರಳು ಹಿಡಿದು ತನ್ನ ರೇಟು ತಿಳಿಸುತ್ತಾನೆ, ಆಮೇಲೆ ಮಾರುವವನು ತನ್ನದು. ಒಂದು ಬೆರಳಿಗೆ ಒಂದು, ಇಡೀ ಕೈ ಹಿಡಿದರೆ ಐದು. ಇಬ್ಬರ ಮನಸ್ಸಿನಲ್ಲಿರುವುದೂ ದಲಾಲನೊಬ್ಬನಿಗೆ ಗೊತ್ತು. ಎರಡನ್ನೂ ತೂಗಿ ಅವನು ಕೂಗಿದ್ದೇ ಕೊನೆಯ ಮಾತು.

"ಗಮ್ಛಾ ಕಾಢಾ, ಗುರುಪಾದಶೇಠ!" ಎಂದ ಕಾಶೀನಾಥ, ಶಲ್ಯ ತೆಗೆಯಿರಿ ಎಂದು. ನಮ್ಮವರು ತೆಗೆದರು. ಕಾಶೀನಾಥ ಕೈ ತೂರಿಸಿ ತನ್ನ ರೇಟು ಹೇಳಿ ಹಿಂದೆ ಸರಿದ. ಆಮೇಲೆ ನಮ್ಮವರು ಕಟ್ಟೆಯ ಮೇಲೆ ಕುಳಿತಿದ್ದ ಅಕ್ಕನ ಹತ್ತಿರ ಹೋಗಿ ಅವರ ಕೈ ಶಲ್ಯದೊಳಗೆ ತೆಗೆದುಕೊಂಡರು. ಅಕ್ಕ ಅವರ ಮುಖವನ್ನೂ ನೋಡಲಿಲ್ಲ, ನೋಡುತ್ತಿದ್ದದ್ದು ಗಾಡಿಯನ್ನು. ನಮ್ಮವರು ಕಾಶೀನಾಥನ ಕಡೆ ಹೊರಳಿ ಕೂಗಿದರು.

"ಐದು ಸಾವಿರ! ಸೌದಾ ಪಕ್ಕಾ!"

ಚಹಾದ ತಾಟು ಹಿಡಿದು ಬಂದಿದ್ದ ನಾನು ಬಾಗಿಲಲ್ಲೇ ನಿಂತೆ. ಕಾಶೀನಾಥನ ಹುಬ್ಬು ಮೇಲೆ ಹೋದದ್ದು ನನಗೆ ಕಂಡಿತು. ಮರುಕ್ಷಣವೇ ಅವನು ಜೇಬಿಗೆ ಕೈ ಹಾಕಿದ. ಅವನ ಡ್ರೈವರ್ ಗಾಡಿ ಹೊರಗೆ ತೆಗೆದ. ಓಣಿಯ ತಿರುವಿನಲ್ಲಿ ಆ ಸಣ್ಣ ಕೈ ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಛಲೋ ಮಾಡಿದಿ ತಮ್ಮಾ," ಎಂದರು.

"ಎಂಟರ ಕೆಳಗ ಇಳೀಬಾರದು ಅಂದಿದ್ರೆಲ್ಲ?" ಎಂದು ದಾರಿಯಲ್ಲಿ ಕೇಳಿದೆ.

"ಇಂಜಿನ್ ಒಳಗ ಖರಾಬ್ ಐತಿ. ನಿನಗ ತಿಳಿಯಾಂಗಿಲ್ಲ," ಎಂದರು.

ಮೋಟಾರಿನ ವಿಷಯ ನನಗೆ ತಿಳಿಯುವುದಿಲ್ಲ, ನಿಜ. ಗಂಡನ ಮುಖ ತಿಳಿಯುತ್ತದೆ. ಆದರೂ ನಾನು ಕೆದಕಲಿಲ್ಲ. ಆ ಹಂಗಾಮಿನಲ್ಲಿ ಕಾಶೀನಾಥನ ಮಾಲೆಲ್ಲ ನಮ್ಮವರ ಕೈಯಿಂದಲೇ ಹೋಯಿತು. ಸಂಕ್ರಾಂತಿಗೆ ನನಗೆ ಹೊಸ ಬೆಂಡೋಲೆ ಬಂದವು. ಕನ್ನಡದ ಹೆಂಗಸರ ಅರಿಷಿಣ ಕುಂಕುಮಕ್ಕೆ ಹೋದಾಗ ನಾನು ಬೇಕೆಂದೇ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಮಾತಾಡಿದ್ದುಂಟು.

ಅತ್ತ ಲಕ್ಷ್ಮೀ ನಗರದಲ್ಲಿ ಖೋಲಿಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ದುಡ್ಡು ಮುಗಿದಿತ್ತು. ಗೌಂಡಿ ತನ್ನ ಸಾಮಾನು ಎತ್ತಿಕೊಂಡು ಹೋದ. ಆ ಅರೆಗೋಡೆ ನೋಡಿ ಬಂದ ದಿನದಿಂದ ನಮ್ಮವರು ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟರು. ಒಮ್ಮೆ ಕೆಲಸ, ಒಮ್ಮೆ ಮೈಗೆ ನೆಟ್ಟಗಿಲ್ಲ, ಒಮ್ಮೆ ಸ್ಕೂಟರ್ ಕೆಟ್ಟಿದೆ. ಯಾರಾದರೂ ಹಳೇ ಮೋಟಾರಿನ ಮಾತು ತೆಗೆದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅಕ್ಕ ಮಾತ್ರ ತಮ್ಮನಿಗೆಂದು ಶೇಂಗಾ ಚಟ್ನಿಪುಡಿ ಕುಟ್ಟಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಅದು ಡಬ್ಬಿಯಲ್ಲೇ ಉಳಿಯುತ್ತಿತ್ತು.

ಮಾರ್ಕೆಟ್ಟಿನಲ್ಲೂ ಅವರ ಕೈ ಕೆಟ್ಟಿತು. ಒಬ್ಬ ರೈತ ಎಮ್ಮೆ ಮಾರಲು ಶಲ್ಯದೊಳಗೆ ಇವರ ಕೈ ಹಿಡಿದಾಗ ಬೆಂಕಿ ತಾಗಿದವರಂತೆ ಎಳೆದುಕೊಂಡರಂತೆ. ಯಾರೋ ನಕ್ಕು ನನಗೆ ಹೇಳಿದರು. ನನಗೆ ನಗು ಬರಲಿಲ್ಲ.

ಬಿಸಿಲು ಏರಿತು. ಮಿರಗದ ಮಳೆ ಬರುವುದರೊಳಗೆ ಖೋಲಿಯ ಮೇಲೆ ಮಾಳಿಗೆ ಹಾಕದಿದ್ದರೆ ಕಟ್ಟಿದ ಗೋಡೆಯೂ ನೆನೆದು ಹಾಳಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮವರು ಒಂದು ದಿನ ನನಗೆ ಹೇಳದೆ ಬಂಡಿಯಲ್ಲಿ ಸಿಮೆಂಟು ಹೇರಿ ಕಳಿಸಿದರು, ಪರಿಚಯದವರು ಪುಕ್ಕಟೆ ಕೊಟ್ಟರು ಎಂದು ಸುಳ್ಳು ಹೇಳಿಸಿ. ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಬಂಡಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಒಂದು ಚೀಲವೂ ಇಳಿದಿರಲಿಲ್ಲ. ಬಂಡಿಯವನು ಅಕ್ಕನ ಮಾತನ್ನು ಹಾಗೇ ಒಪ್ಪಿಸಿದ: "ತಮ್ಮ ನ್ಯಾಯದ ರೇಟು ಮಾಡಿ ಕೊಟ್ಟಾನ. ಆ ರೊಕ್ಕದಾಗ ಎಷ್ಟು ಏಳತೈತಿ ಅಷ್ಟ ಏಳಲಿ. ಪುಕ್ಕಟೆ ಮಾಲು ನನಗ ಬ್ಯಾಡ."

ನಮ್ಮವರು ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು. ಕಾಶೀನಾಥ ಶಲ್ಯದೊಳಗೆ ಒಮ್ಮೆ ಇಡೀ ಕೈ, ಮತ್ತೆ ನಾಲ್ಕು ಬೆರಳು ಹಿಡಿದಿದ್ದ. ಒಂಬತ್ತು. ಅಕ್ಕ ಇಡೀ ಕೈ ಹಿಡಿದರು.

"ಅಕ್ಕಾರಿಗೆ ಬೆರಳಿನ ಲೆಕ್ಕಾ ಎಲ್ಲಿ ಗೊತ್ತೈತಿ?" ಎಂದೆ.

"ಗೊತ್ತಿಲ್ಲ. ಆಕಿ ಸುಮ್ನ ಕೈ ಹಿಡದಿದ್ಲು. ನಾ ಐದು ಅಂತ ಎಣಿಸಿದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಉಂಡ ಮನೀ ಗಳಾ ಹಿರದ್ರೆಲ್ಲ! ಒಡಹುಟ್ಟಿದಾಕಿ ದುಃಖಕ್ಕ ಕೈ ಹಿಡದ್ರ ಅದನ್ನೂ ರೇಟಿಗೆ ಹಚ್ಚಿದ್ರಿ?" ಎಂದು ಕೂಗಾಡಿದೆ. ಮಿಕ್ಕಿದ್ದನ್ನು ಆ ಕಾಶೀನಾಥನ ಹತ್ತಿರ ವಸೂಲು ಮಾಡಿ ಎಂದೆ.

"ಕೂಗಿದ ಸೌದಾ ತಿರುಗಿ ಬಿಚ್ಚಾಕ ಬರಾಂಗಿಲ್ಲ. ತಪ್ಪು ಅವಂದಲ್ಲ. ಅವ ನಮ್ಮ ಕೈ ಬಿಟ್ಟು ಹೋದಾನು ಅಂತ ನಾ ಅಂಜಿದೆ."

ಬೈಯುತ್ತಲೇ ನನ್ನ ಕೈ ಕಿವಿಗೆ ಹೋಯಿತು. ಬೆಂಡೋಲೆ ಯಾವ ದುಡ್ಡಿನವು ಎಂದು ಆಗ ಹೊಳೆಯಿತು. ಅಕ್ಕನ ಎದುರಿಗೂ ಅವನ್ನು ಹಾಕಿಕೊಂಡು ಕೂತಿದ್ದೆನಲ್ಲ, "ನಿನಗ ಭಾಳ ಒಪ್ಪತಾವ" ಎಂದು ಅವರು ಮೆಚ್ಚಿದ್ದರಲ್ಲ! ತೆಗೆದು ತಾಟಿನ ಪಕ್ಕದಲ್ಲಿಟ್ಟೆ. ಅವನ್ನು ಮಾರಿ, ಮನೆಯಲ್ಲಿದ್ದದ್ದನ್ನು ಕೂಡಿಸಿ, ಮುಂದಿನ ರವಿವಾರ ಇಬ್ಬರೂ ಲಕ್ಷ್ಮೀ ನಗರಕ್ಕೆ ಹೋದೆವು.

ಅಕ್ಕ ಕೂಲರಿಗೆ ನೀರು ತುಂಬುತ್ತಿದ್ದರು. ತಮ್ಮನನ್ನು ಕಂಡು ಮುಖ ಅರಳಿತು. "ದಾರಿ ನೆನಪೈತೇನೊ?" ಎಂದು ಪಾನಕ ಮಾಡಲು ಎದ್ದವರನ್ನು ನಮ್ಮವರು ಕೂಡಿಸಿದರು. ಆಮೇಲೆ ಅವರು ಮಾಡಿದ ಕೆಲಸ ನೋಡಿ ನಾನು ಹಣೆ ಹಣೆ ಬಡಿದುಕೊಳ್ಳುವುದೊಂದು ಬಾಕಿ. ಹೆಗಲಿನ ಶಲ್ಯ ತೆಗೆದು, ಅಕ್ಕನ ಕೈಯ ಮೇಲೆ ಹಾಸಿ, ಅದರೊಳಗೆ ತಮ್ಮ ಕೈ ತೂರಿಸಿದರು. ಮೂವತ್ತು ವರ್ಷ ಕಷ್ಟದ ಮಾತನ್ನೆಲ್ಲ ಬೆರಳಿನಲ್ಲೇ ಆಡಿದ ಮನುಷ್ಯ, ಇದನ್ನೂ ಹಾಗೇ ಮುಗಿಸಲು ನೋಡಿದರು.

"ಇದೇನೋ ಇದು? ಒಮ್ಮೆ ಪೂರಾ ಹಿಡೀತಿ, ಒಮ್ಮೆ ನಾಕ ಬಟ್ಟು ಹಿಡೀತಿ?" ಅಕ್ಕ ಶಲ್ಯ ಎಳೆದು ಪಕ್ಕಕ್ಕೆ ಒಗೆದರು. "ಬಾಯಿಲೆ ಹೇಳು."

ಬಾಯಿಂದಲೇ ಹೇಳಬೇಕಾಯಿತು. ಒಂಬತ್ತು, ಐದು, ಕಾಶೀನಾಥನ ಭಯ, ಎಲ್ಲ. ಅಕ್ಕ ಕೂಲರಿನ ಕಡೆ ನೋಡುತ್ತ ಕೇಳಿಸಿಕೊಂಡರು.

"ಅವತ್ತ ನಾ ಕೈ ಹಿಡದದ್ದು ರೇಟು ಹೇಳಾಕಲ್ಲೊ ಗುರು. ಅವರ ಗಾಡಿ ಹೊಂಟಿತ್ತು. ಎದಿ ಒಡದಂಗಾತು, ನೀ ಹತ್ರ ಇದ್ದಿ, ಹಿಡದೆ."

"ಗೊತ್ತಿತ್ತು ಅಕ್ಕಾ," ಎಂದರು ನಮ್ಮವರು. "ಹಿಡದ ಕೂಡ್ಲೆ ಗೊತ್ತಾತು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ನಮ್ಮವರು ರೊಕ್ಕದ ಕಟ್ಟು ಮುಂದಿಟ್ಟಾಗ, ಬೇಡ ಎನ್ನುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ತೆಗೆದುಕೊಂಡು ಎಣಿಸಿದರು. ತಮ್ಮ ಕೊಟ್ಟ ದುಡ್ಡನ್ನು ಅಕ್ಕ ಎಣಿಸಿದ್ದನ್ನು ನಾನು ಅಂದೇ ಮೊದಲ ಸಲ ನೋಡಿದ್ದು. ನಂತರ ನನ್ನ ಬರಿಯ ಕಿವಿಗಳನ್ನು ನೋಡಿ, "ನಿನಗ್ಯಾಕ ಶರಣವ್ವ ಈ ಶಿಕ್ಷಾ?" ಎಂದರು. ನಾನು ಅತ್ತುಬಿಟ್ಟೆ.

ಮಿರಗಕ್ಕೆ ಮುಂಚೆ ಮಾಳಿಗೆ ಹಾಕಿಸಿದ್ದಾಯಿತು. ದಸರೆಯ ಹೊತ್ತಿಗೆ ಖೋಲಿಗೆ ಸುಣ್ಣ ಬಳಿದಾಯಿತು. ಅಕ್ಕ ನಮ್ಮನ್ನು ಹೋಳಿಗೆ ಊಟಕ್ಕೆ ಕರೆದರು, ಮೊದಲಿನ ಹಾಗೆಯೇ ತಮ್ಮನಿಗೆ ತುಪ್ಪ ಹೆಚ್ಚು ಬಡಿಸಿದರು. ಊಟವಾದ ಮೇಲೆ ನಮ್ಮವರು ಖೋಲಿಯಲ್ಲೆಲ್ಲ ಓಡಾಡಿ ಕಿಟಕಿ ತೆರೆದು ನೋಡಿದರು, ನೆಲಕ್ಕೆ ಕಾಲು ತಟ್ಟಿದರು, ನಳ ತಿರುವಿದರು. ಮೆಣಸಿನಕಾಯಿ ಮೂಸಿ ನೋಡುವಾಗಿನ ಮುಖ ಆಗಿತ್ತು ಅದು. ಬಾಡಿಗೆಗೆ ಕೇಳಿಕೊಂಡು ಬ್ಯಾಂಕಿನವನೊಬ್ಬ ಸಂಜೆ ಬರುವವನಿದ್ದ.

ಅಕ್ಕ ಹಿತ್ತಲ ಗೋಡೆಯ ಹತ್ತಿರ ಹೋಗಿ ಬಾಜೂ ಮನೆಯವರನ್ನು ಕರೆದರು. ಅವರ ಯಜಮಾನರು ಏರ್‌ಫೋರ್ಸಿನಲ್ಲಿದ್ದರು, ಮೈಸೂರಿನ ಕಡೆಯವರು.

"ಕೃಷ್ಣವೇಣಿಯವರ, ಈ ಖೋಲಿಗೆ ಬಾಡಿಗಿ ಎಷ್ಟು ಹೇಳೂಣ್ರಿ?"

"ಮುನ್ನೂರು ಹೇಳಿ ಗಿರಿಜಮ್ಮ. ಜಾಸ್ತಿ ಏನಾಗೋಲ್ಲ."

"ಹಂಗಾರ ಮುನ್ನೂರ ಹೇಳತೀನಿ."

ನಮ್ಮವರು ಅಲ್ಲೇ, ಖೋಲಿಯ ಹೊಸ್ತಿಲ ಮೇಲೆ ನಿಂತಿದ್ದರು. ಬಾಯಿ ತೆರೆದಿತ್ತು. ಮುಚ್ಚಿಕೊಂಡರು. ಅಕ್ಕ ಒಳಗೆ ಬಂದು, "ಇನ್ನೊಂದೀಟು ಚಾ ಕುಡೀತಿ ಏನೊ?" ಎಂದು ಪ್ರೀತಿಯಿಂದಲೇ ಕೇಳಿದರು.

ಬಸ್ ಸ್ಟಾಪಿಗೆ ಬಂದು ನಿಂತ ಮೇಲೆ ಅವರು ಅತ್ತಿತ್ತ ನೋಡಿ ಮೆಲ್ಲಗೆ, "ಮುನ್ನೂರಾ ಐವತ್ತು ಬರತಿತ್ತು," ಎಂದರು.

"ಹೋಗಿ ಹೇಳ್ರಿ ಮತ್ತ," ಎಂದೆ.

ಅವರು ಶಲ್ಯವನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡು, ಬಸ್ಸು ಬರುವ ಕಡೆಗೆ ನೋಡುತ್ತ ನಿಂತರು.