ಸಹಿಯ ಅಡಿಯಲ್ಲೊಂದು ಸಹಿ

ಹಳೆಯ ಹಸ್ತಾಕ್ಷರಗಳನ್ನು ಸಂಗ್ರಹಿಸುವುದು ನನ್ನ ಹುಚ್ಚು. ಮಣಿಪಾಲದ ಲ್ಯಾಬಿನ ಕೆಲಸದಿಂದ ನಿವೃತ್ತನಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ಸಹಿಯ ಪಕ್ಕ ತಾರೀಕು ಇಲ್ಲದಿದ್ದರೆ ನಾನು ಮೊದಲು ಹುಡುಕುವುದು ಬರೆದ ಪೆನ್ನು ಯಾವುದೆಂದು. ಹಳೆಯ ಕಾಲದ ಟಾಕು ಪೆನ್ನನ್ನು ಶಾಯಿಗೆ ಅದ್ದಿ ಬರೆದ ಗೆರೆ ದಟ್ಟವಾಗಿ ಶುರುವಾಗಿ, ಶಾಯಿ ಮುಗಿಯುತ್ತಾ ಬಂದಂತೆ ತೆಳುವಾಗುತ್ತದೆ. ಬಾಲ್‌ಪೆನ್ನಿನ ಗೆರೆ ಉದ್ದಕ್ಕೂ ಒಂದೇ ಸಮ; ಹಾಳೆಯ ಹಿಂದೆ ಬೆರಳಾಡಿಸಿದರೆ ಒತ್ತಿದ ಗುರುತು ಸಿಗುತ್ತದೆ.

ಶಾಲಾ ಮಾಸ್ಟರಾಗಿದ್ದ ಅಜ್ಜನ ಆಟೋಗ್ರಾಫ್ ಪುಸ್ತಕ ಕಾಪುವಿನಲ್ಲಿ ಅವರ ಮಗಳು, ನನ್ನ ದೊಡ್ಡಮ್ಮನ ಹತ್ತಿರವಿತ್ತು. ಅದರಲ್ಲಿ ಹೆಸರಾಂತ ಯಕ್ಷಗಾನ ವೇಷಧಾರಿಯೊಬ್ಬರ ಸಹಿ ಇದೆಯೆಂದು ಚಿಕ್ಕಂದಿನಿಂದ ಕೇಳಿದ್ದೆ. ಅಜ್ಜ ಹುಡುಗನಾಗಿದ್ದಾಗ ಅಜೆಕಾರಿನಿಂದ ಕಾರ್ಕಳಕ್ಕೆ ನಡೆದು ಹೋಗಿ, ಬೆಳಿಗ್ಗೆ ಆಟ ಮುಗಿದು ಅವರು ಬಣ್ಣ ತೆಗೆಯುವವರೆಗೆ ಕಾದು ಹಾಕಿಸಿಕೊಂಡದ್ದಂತೆ. ಆ ಕಲಾವಿದರು ಸ್ವಾತಂತ್ರ್ಯ ಬರುವ ಮೊದಲೇ ತೀರಿಕೊಂಡಿದ್ದರು.

ಕಳೆದ ವರ್ಷ ದೊಡ್ಡಮ್ಮ ಆ ಪುಸ್ತಕವನ್ನು ನನಗೆ ಕೊಟ್ಟರು. ಮನೆಗೆ ಬಂದವನೇ ಭೂತಗನ್ನಡಿ ಹಿಡಿದೆ. ಒಂದೇ ಸಮನಾದ ಗೆರೆ, ತಿರುವಿನಲ್ಲಿ ಶಾಯಿಯ ಸಣ್ಣ ಗಂಟು, ಹಿಂಬದಿಯಲ್ಲಿ ಒತ್ತು. ಅನುಮಾನವೇ ಇಲ್ಲ, ಬಾಲ್‌ಪೆನ್. ಅದು ನಮ್ಮ ಕಡೆಗೆ ಬರುವ ಹೊತ್ತಿಗೆ ಆ ಕಲಾವಿದರು ಇರಲೇ ಇಲ್ಲ. ಅಷ್ಟು ದೂರ ನಡೆದ ಕಥೆಯನ್ನು ಅಜ್ಜ ಕಟ್ಟಿ ಹೇಳಿದ್ದರೇ? ನನಗೆ ಸಮಾಧಾನವಾಗಲಿಲ್ಲ.

ಉಡುಪಿಯಲ್ಲಿ ಪೆನ್ನು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರಿಗೆ ತೋರಿಸಿದೆ. ಅವರು ಹಾಳೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು.

“ಮೇಲಿನದ್ದು ಬಾಲ್‌ಪೆನ್ನೇ. ಅಡಿಯಲ್ಲಿ ಇನ್ನೊಂದು ಉಂಟು, ನೋಡಿ” ಎಂದರು.

ನೋಡಿದೆ. ಬಾಲ್‌ಪೆನ್ನಿನ ನೀಲಿ ಗೆರೆಯ ಅಂಚಿನಲ್ಲಿ ಅಲ್ಲಲ್ಲಿ ತೆಳು ಕಂದು ಇಣುಕುತ್ತಿತ್ತು. ಹಳೆಯ ಕಪ್ಪು ಶಾಯಿ ವರ್ಷ ಕಳೆದಂತೆ ಆ ಬಣ್ಣಕ್ಕೆ ತಿರುಗುತ್ತದೆ, ಅದು ಟಾಕಿನ ಬರಹ ಎಂದು ಅವರು ವಿವರಿಸಿದರು. ಯಾರೋ ಅದರ ಮೇಲೆ ತಿದ್ದಿದ್ದರು.

ಮರುದಿನವೇ ಕಾಪುವಿಗೆ ಹೋದೆ. ಎಂಬತ್ತು ದಾಟಿದ ದೊಡ್ಡಮ್ಮ ತಿದ್ದಿದ್ದು ಯಾರೆಂಬ ನನ್ನ ಪ್ರಶ್ನೆ ಕೇಳಿ ಹೆದರಿದವರಂತೆ ಬಾಗಿಲ ಕಡೆ ನೋಡಿದರು. ಆಮೇಲೆ ಒಂದೊಂದಾಗಿ ಹೇಳಿದರು. ಗೆಳತಿಯರಿಗೆ ತೋರಿಸಲೆಂದು ಅಪ್ಪನಿಗೆ ತಿಳಿಯದಂತೆ ಪುಸ್ತಕವನ್ನು ಶಾಲೆಗೆ ಒಯ್ದಿದ್ದರಂತೆ. ಬುತ್ತಿಯ ಮಜ್ಜಿಗೆ ಚೆಲ್ಲಿ ಸಹಿ ಮಸುಕಾಯಿತಂತೆ. ಹೆದರಿ ಅದರ ಮೇಲೆಯೇ ತಿದ್ದಿದರಂತೆ.

“ಅಜ್ಜನಿಗೆ ಗೊತ್ತಾಗಲಿಲ್ವಾ?”

“ಗೊತ್ತಾಗದೆ ಇರ್ತದಾ? ಮಾಸ್ಟರು ಅಲ್ವಾ. ಪುಟ ನೋಡಿದರು, ನನ್ನನ್ನು ನೋಡಿದರು, ಮುಚ್ಚಿಟ್ಟರು. ಸಾಯುವವರೆಗೆ ಎಂತದೂ ಕೇಳಲಿಲ್ಲ.”

ಅಡಿಯಲ್ಲಿ ಅಸಲು ಸಹಿ ಇನ್ನೂ ಇದೆ ಎಂದೆ. ಅವರು ನಂಬಲಿಲ್ಲ. ಭೂತಗನ್ನಡಿ ಕೈಗೆ ಕೊಟ್ಟೆ. ಕಣ್ಣು ಕಿರಿದು ಮಾಡಿ, ಪುಸ್ತಕವನ್ನು ಹತ್ತಿರ ದೂರ ಹಿಡಿದು, ಕೊನೆಗೆ ಕೊನೆಯಕ್ಷರದ ಮೇಲೆ ಬೆರಳಿಟ್ಟರು.

“ಈ ಬಾಲ ನಾನು ತಿದ್ದಲೇ ಇಲ್ಲ. ಇದು ಅವರದ್ದೇ.”

ಆ ಬಾಲ್‌ಪೆನ್ ಯಾರದ್ದೆಂದು ಕೇಳಿದೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ಅಣ್ಣ ತಂದುಕೊಟ್ಟದ್ದು, ಇಡೀ ಕ್ಲಾಸಿನಲ್ಲಿ ತನ್ನೊಬ್ಬಳ ಹತ್ತಿರ ಮಾತ್ರ ಇದ್ದದ್ದು ಎಂದು ಹೇಳುವಾಗ ದೊಡ್ಡಮ್ಮನ ಮುಖದಲ್ಲಿ ಹೆದರಿಕೆ ಉಳಿದಿರಲಿಲ್ಲ.